ಅಪ್‌ಡೇಟ್: ಗೀಸರ್‌ನ ಚಟಪಟ ಸದ್ದು ಮತ್ತು ವಾಲ್ವ್‌ನಿಂದ ತೊಟ್ಟಿಕ್ಕುವ ನೀರು

ಬೋರ್‌ವೆಲ್ ನೀರು ಬಳಸುವ ನಮ್ಮ ಬೆಂಗಳೂರಿನ ಮನೆಯಲ್ಲಿ 25 ಲೀಟರಿನ ಗೀಸರ್ ಚಟಪಟ ಸದ್ದು ಮಾಡುತ್ತದೆ, ನೀರು ತಡವಾಗಿ ಕಾಯುತ್ತದೆ, ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುತ್ತದೆ, ಹೊಸದನ್ನೇ ಕೊಳ್ಳಬೇಕೇ ಎಂದು ಕೇಳಿದ್ದೆ. ಆ ಅಗತ್ಯ ಬೀಳಲಿಲ್ಲ.

ಮೆಕ್ಯಾನಿಕ್ ಎಂಸಿಬಿ (ವಿದ್ಯುತ್ ಕಡಿತಗೊಳಿಸುವ ಸ್ವಿಚ್) ಇಳಿಸಿ, ಟ್ಯಾಂಕ್ ಖಾಲಿ ಮಾಡಿ, ನೀರು ಕಾಯಿಸುವ ಎಲಿಮೆಂಟನ್ನು ಹೊರತೆಗೆದಾಗ, ಅದರ ಸುತ್ತ ಗಾರೆಯಂತೆ ಬಿಳಿ ಪದರ ಕಟ್ಟಿಕೊಂಡಿತ್ತು. ಬೆರಳಿನಿಂದ ಒತ್ತಿದರೆ ಹಕ್ಕಳೆಯಾಗಿ ಉದುರುತ್ತಿತ್ತು. ಗಡಸು ನೀರಿನ ಈ ಪದರದಡಿ ಸಿಕ್ಕಿಕೊಂಡ ನೀರು ಕುದಿದು ಆವಿಯಾಗುವುದೇ ಸದ್ದಿಗೆ ಕಾರಣ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಸರಳಿನಲ್ಲಿ ಒಳಗಿನ ತಂತಿ ಮಾತ್ರ ಉಳಿದಿದ್ದರಿಂದ ಅದನ್ನೂ, ಜೊತೆಗೆ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟನ್ನೂ ಬದಲಿಸಲಾಯಿತು.

ಕಾಯುವಾಗ ನೀರು ಹಿಗ್ಗಿ ಒತ್ತಡ ಏರುವುದರಿಂದ ವಾಲ್ವ್ ಕೆಲವು ಹನಿ ಬಿಡುವುದು ಸಹಜ. ಸ್ವಿಚ್ ಆರಿಸಿ ನೀರು ತಣಿದ ಮೇಲೂ ಸೋರುತ್ತಿದ್ದರೆ ಪರೀಕ್ಷಿಸಬೇಕು. ಅದರ ಬಾಯಿಗೆ ಬಿರಡೆ ಹಾಕಿಬಿಡಿ ಎಂದು ಪರಿಚಿತರೊಬ್ಬರು ಸಲಹೆ ನೀಡಿದ್ದರು. ನೀರಿನ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಮತ್ತು ಬಿಸಿ ಮಿತಿಮೀರಿದರೆ ವಿದ್ಯುತ್ ಕಡಿತಗೊಳಿಸುವ ಕಟೌಟ್ ಎರಡೂ ಕೈಕೊಟ್ಟಾಗ ಒತ್ತಡ ಹೊರಹೋಗಲು ಉಳಿಯುವ ದಾರಿ ಅದೊಂದೇ ಆದ್ದರಿಂದ, ಇದಕ್ಕಿಂತ ಅಪಾಯಕಾರಿ ಸಲಹೆ ಇನ್ನೊಂದಿಲ್ಲ.

2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ಟೇ ಬೇಕು; ನಮ್ಮಲ್ಲಿ ಅದಿದೆ. ಅರ್ಥಿಂಗ್ ಪರೀಕ್ಷಿಸಿಯಾಯಿತು, ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ತಕ್ಷಣ ಟ್ರಿಪ್ ಆಯಿತು. ಸದ್ದು ಈಗ ಸಂಪೂರ್ಣ ನಿಂತಿದೆ.