ನೀಟ್ ಬೇಡ ಅಂತಾಳೆ ಮಗಳು, ಬಿಎಸ್ಸಿಗೆ ಎಲ್ಲಿ ಸೇರಿಸಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹಾಸನದವರು. ಮಗಳು ಪಿಸಿಎಂಬಿ ತಗೊಂಡು ಪಿಯುಸಿ ಮುಗಿಸಿದ್ದಾಳೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಮತ್ತೆ ಕೋಚಿಂಗ್ ಬೇಡ, ಬಯಾಲಜಿಯಲ್ಲೇ ಬಿಎಸ್ಸಿ ಮಾಡ್ತೀನಿ ಅಂತಾಳೆ. ಇಲ್ಲಿ ಸರ್ಕಾರಿ ಕಾಲೇಜಿನಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಇದೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಯೋಟೆಕ್ ಸಿಗುತ್ತದೆ, ಆದರೆ ಹಾಸ್ಟೆಲ್ ಸೇರಿ ಖರ್ಚು ಜಾಸ್ತಿ. ಯಾವುದಕ್ಕೆ ಸೇರಿಸಲಿ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕಿ): ನಮಸ್ಕಾರ ಅಮ್ಮ. ಅವಳೇ ಇಷ್ಟಪಟ್ಟು ಕೇಳುತ್ತಿದ್ದಾಳಲ್ಲ, ಧೈರ್ಯವಾಗಿ ಸೇರಿಸಿ. ಫೀಸು ಕಟ್ಟುವ ಮೊದಲು ಅವಳನ್ನು ಕರೆದುಕೊಂಡು ಎರಡೂ ಕಾಲೇಜಿನ ಲ್ಯಾಬ್ ನೋಡಿ ಬನ್ನಿ. ಕಟ್ಟಡ ಆಮೇಲೆ ನೋಡಿದರಾಯಿತು.

ಅಲ್ಲಿ ಓದುವ ಮಕ್ಕಳನ್ನು ಒಂದೇ ಮಾತು ಕೇಳಿ: ಈರುಳ್ಳಿ ಬೇರಿನ ಸ್ಲೈಡ್ ನೀವೇ ಮಾಡಿದಿರಾ? ಬೇರಿನ ತುದಿಗೆ ಬಣ್ಣ ಹಿಡಿಸಿ, ಕವರ್‌ಸ್ಲಿಪ್ ಮುಚ್ಚಿ, ಹೆಬ್ಬೆರಳಿನಿಂದ ಮೆತ್ತಗೆ ಒತ್ತಬೇಕು. ಜೋರಾಗಿ ಒತ್ತಿದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಕೂರುತ್ತವೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಮೊದಲೆರಡು ಸಲ ಬರುವುದೇ ಇಲ್ಲ. ಆಮೇಲೆ ಒಂದು ದಿನ, ಒಂದು ಕೋಶ ಎರಡಾಗುವ ಹೊತ್ತಿನಲ್ಲಿ ಅದರ ಕ್ರೋಮೋಸೋಮ್‌ಗಳು ಎರಡು ಗುಂಪಾಗಿ ನಿಂತಿರುವುದು ಕಾಣುತ್ತದೆ. ಆಗ ಆ ಮಕ್ಕಳು ಮೈಕ್ರೋಸ್ಕೋಪ್ ಬಿಟ್ಟು ಏಳುವುದಿಲ್ಲ! ಒಂದು ಮೈಕ್ರೋಸ್ಕೋಪಿಗೆ ಎಂಟು ಜನ ಇದ್ದರೆ ಈ ಕೆಲಸ ಆಗುವುದಿಲ್ಲ. ಸುಮ್ನೆ ಇಣುಕಿ ನೋಡಿ ರೆಕಾರ್ಡ್ ಬರೆಯುತ್ತಾರೆ. ರೆಕಾರ್ಡ್ ಪುಸ್ತಕಗಳನ್ನೂ ತೆಗೆಸಿ ನೋಡಿ. ಎಲ್ಲರ ಚಿತ್ರವೂ ಒಂದೇ ತರ ಇದ್ದರೆ ನೋಡಿ ಬರೆದದ್ದು ಅಂತಲೇ ಅರ್ಥ.

ಆ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ ಅಂತಲೂ ವಿಚಾರಿಸಿ.

ಬಯೋಟೆಕ್ ಅನ್ನುವ ಹೆಸರಿಗೆ ಮಾತ್ರ ಸಾಲ ಮಾಡಬೇಡಿ. ಸಿಬಿಝಡ್ ಓದಿದವರೂ ಬಯೋಟೆಕ್, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಎಂಎಸ್ಸಿಗೆ ಹೋಗುತ್ತಾರೆ. ಯಾವುದೇ ಕಾಂಬಿನೇಷನ್ ತಗೊಂಡರೂ ಕೆಮಿಸ್ಟ್ರಿ ಕೈಬಿಡಬೇಡಿ. ಮುಂದೆ ಅದು ಬೇಕೇ ಬೇಕು.

ಪ್ರಶ್ನೆ: ಊರಲ್ಲೇ ಓದಿದರೆ ದೊಡ್ಡ ಸಂಸ್ಥೆಗೆ ಹೋಗೋಕೆ ಆಗುತ್ತಾ ಮೇಡಂ? ಐಸರ್ ಅಂತ ಯಾರೋ ಹೇಳಿದರು.

ಉತ್ತರ: ಐಸರ್ ಅಂದರೆ ವಿಜ್ಞಾನದ ಓದಿಗೂ ಸಂಶೋಧನೆಗೂ ಇರುವ ಕೇಂದ್ರ ಸರ್ಕಾರದ ಸಂಸ್ಥೆಗಳು. ಅಲ್ಲಿ ಡಿಗ್ರಿ, ಮಾಸ್ಟರ್ಸ್ ಎರಡೂ ಸೇರಿದ 5 ವರ್ಷದ ಬಿಎಸ್-ಎಂಎಸ್ ಇದೆ. ಅದಕ್ಕೆ ಐಎಟಿ ಅನ್ನುವ ಬೇರೆ ಪರೀಕ್ಷೆ ಬರೆದಿರಬೇಕು, ನೀಟ್ ಅಂಕ ನಡೆಯುವುದಿಲ್ಲ. ಬರೆಯದಿದ್ದರೂ ಬಾಗಿಲೇನೂ ಮುಚ್ಚಿಲ್ಲ. ಬಿಎಸ್ಸಿ ಕೊನೆಯ ವರ್ಷದಲ್ಲಿ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಎಸ್ಸಿ ಸೇರಬಹುದು. ಅದಕ್ಕೂ ಮೊದಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿಸಿ. ಸಿಕ್ಕರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಬಹುದು. ಊರಿನ ಕಾಲೇಜಿನ ಮಕ್ಕಳೂ ಧಾರಾಳವಾಗಿ ಹಾಕಬಹುದು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಸೋಮವಾರ ಮೊದಲು ಇಲ್ಲಿನ ಕಾಲೇಜಿಗೇ ಹೋಗಿ ಬರ್ತೀವಿ.

ಉತ್ತರ: ಪ್ರಾಕ್ಟಿಕಲ್ ಯಾವ ಹೊತ್ತಿಗೆ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ ಅಮ್ಮ. ಖಾಲಿ ಲ್ಯಾಬ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಾತಾಡುವುದನ್ನು ಅವಳಿಗೇ ಬಿಡಿ.