ತೀರಿಹೋದ ಅಜ್ಜಿಯ ದನಿ ಕೇಳಿದರೆ: ದರ್ಶನವೋ, ಡಾಕ್ಟರೋ?

ಪ್ರಶ್ನೆ (ಬ್ರಹ್ಮಾವರ ಮೂಲ, ಈಗ ಡಬ್ಲಿನ್): ನೆಂಟರ ಹುಡುಗ, 19 ವರ್ಷ. ತೀರಿಹೋದ ಅಜ್ಜಿ ದಿನವಿಡೀ "ಮೀಯಲಿಕ್ಕೆ ಹೋಗು, ಉಣ್ಣು" ಅಂತಾಳಂತೆ. ಕಾಲೇಜಿಗೆ ಹೋಗುವುದು ಬಿಟ್ಟಿದ್ದಾನೆ. ಊರಿನವರು ದರ್ಶನದಲ್ಲಿ (ಪಾತ್ರಿಯ ಮೈಮೇಲೆ ದೈವ ಬಂದು ನುಡಿಯುವಾಗ) ಕೇಳುವ ಅಂತಾರೆ, ಇಲ್ಲಿಯವರು ಸೈಕೋಸಿಸ್ (ಇಲ್ಲದ್ದು ಕೇಳುವ, ಕಾಣುವ ಮನೋರೋಗ) ಅಂತಾರೆ.

ಉತ್ತರ 1: ಡಾಕ್ಟರನ್ನು ಬಿಡಬೇಡಿ ಮಾರಾಯ್ರೆ. ಅಜ್ಜಿಯ ದನಿ ಎಂಬುದರಿಂದ ಕಾಯಿಲೆ ಹೌದು, ಅಲ್ಲ ಎಂದು ಹೇಳಲಾಗದು. ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ ತಂಡ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ, ಚೆನ್ನೈಗಳಲ್ಲಿ ಇಂಥ ದನಿ ಕೇಳುವ ತಲಾ 20 ರೋಗಿಗಳನ್ನು ಮಾತಾಡಿಸಿತ್ತು. ಅಮೆರಿಕದವರಿಗೆ ಹೆಚ್ಚಾಗಿ ಕೇಳಿದ್ದು ಅಪರಿಚಿತರ ಹಿಂಸೆಯ ಮಾತು. ಚೆನ್ನೈಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮನೆಯವರದೇ ದನಿ. ಬೈಗುಳ, ಮನೆಗೆಲಸದ ಅಪ್ಪಣೆ. ಕಾಯಿಲೆ ಎರಡೂ ಕಡೆ ಒಂದೇ.

ನೋಡಬೇಕಾದ್ದು ಬೇರೆ. ಪಾತ್ರಿಗೆ ದರ್ಶನ ಬರುವುದಕ್ಕೆ ಹೊತ್ತು, ಜಾಗ, ಕ್ರಮ ಉಂಟು. ಮುಗಿದ ಮೇಲೆ ಮನೆಗೆ ಹೋಗಿ ಮಾಮೂಲಿನಂತೆ ಇರುತ್ತಾರೆ. ಸಾವಾದ ಮನೆಯಲ್ಲಿ ಹೋದವರ ದನಿ ಆಗೀಗ ಕೇಳಿದ ಹಾಗಾದರೂ ಗಾಬರಿ ಬೇಡ. ಈ ಹುಡುಗನದು ಹಾಗಲ್ಲ, ಓದೇ ನಿಂತಿದೆ. ಶುರುವಾದ ದಿನ, ನಿದ್ದೆಯ ಗಂಟೆ, ಸ್ನಾನ, ಊಟ, ಸಂಶಯ, ಗಾಂಜಾ ಉಂಟೋ ಎಂಬುದನ್ನೆಲ್ಲ ಬರೆದುಕೊಂಡು ಹೋಗಿ. "ಸಾಯಿ" ಅಥವಾ "ಹೊಡಿ" ಎಂದು ದನಿ ಹೇಳುತ್ತಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆವತ್ತೇ ಎಮರ್ಜೆನ್ಸಿಗೆ.

ಡಾಕ್ಟರಿಗೆ ನಮ್ಮ ಭೂತ, ನಾಗ ಗೊತ್ತಿಲ್ಲದಿದ್ದರೆ ಕಲ್ಚರಲ್ ಫಾರ್ಮುಲೇಶನ್ ಇಂಟರ್‌ವ್ಯೂ ಮಾಡಿ ಎಂದು ಕೇಳಿ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಬಂದದ್ದು, 16 ಪ್ರಶ್ನೆ. ತೊಂದರೆಗೆ ಮನೆಯವರು ಏನು ಕಾರಣ ಅಂದುಕೊಂಡಿದ್ದಾರೆ ಎಂಬುದೂ ಸೇರಿದೆ. ಅಪ್ಪ-ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಮೊದಲೇ ಕೇಳಿ. ಆ ಕೆಲಸಕ್ಕೆ ಹುಡುಗನ ತಂಗಿಯನ್ನು ಕೂರಿಸಬೇಡಿ, ಮರ್ಯಾದೆಗೆ ಅಂಜಿ ಮುಖ್ಯವಾದದ್ದನ್ನೇ ನುಂಗುತ್ತಾಳೆ.

ಉತ್ತರ 2: ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಉಡುಪಿ ಕಡೆಯ ನಮ್ಮ ಕೋಟದಲ್ಲೇ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿ ಜನ ಮಂತ್ರವಾದಿಯ ಹತ್ತಿರವೂ ಹೋಗುತ್ತಿದ್ದರು, ಡಾಕ್ಟರ ಹತ್ತಿರವೂ. ಹರಕೆ ಸಲ್ಲಿಸುವುದಾದರೆ ಸಲ್ಲಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಕಾಯಿಲೆ ಮರಳುವ ಸಂಭವ ಜಾಸ್ತಿ. ವರ್ಷದ ಕೋಲಗಳು ಮುಗಿಯುವ ಪತ್ತನಾಜೆಯೊಳಗೆ ಕೋಲ (ದೈವದ ಸೇವೆ) ಆಗಲೇಬೇಕೆಂದು ಹುಡುಗನಿಗೆ ಅವಸರದಲ್ಲಿ ಊರಿಗೆ ಟಿಕೆಟ್ ಮಾಡಿಸುವುದು ಇನ್ನೊಂದು ಪೆದ್ದುತನ. ವಿಮಾನದ ನಿದ್ದೆಗೇಡು, ಮೇಲಿಂದ ಇಡೀ ರಾತ್ರಿ ಕೋಲ. ಈ ಸ್ಥಿತಿಯಲ್ಲಿ ನಿದ್ದೆ ಕೆಟ್ಟರೆ ಲಕ್ಷಣ ಏರುತ್ತದೆ. ಹುಡುಗ ಡಬ್ಲಿನ್‌ನಲ್ಲೇ ಇರಲಿ, ಮನೆಯ ಹಿರಿಯರೊಬ್ಬರು ಊರಿಗೆ ಬಂದು ಅವನ ಹೆಸರಲ್ಲಿ ಸೇವೆ ಕೊಡಲಿ. ಮುಂದೆ ಬರುವಾಗ ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲಿರಲಿ. ಡಬ್ಲಿನ್‌ನ ರಾತ್ರಿ ಮಾತ್ರೆ ಉಡುಪಿಯಲ್ಲಿ ಎಷ್ಟು ಗಂಟೆಗೆ ಎಂದು ಹೊರಡುವ ಮೊದಲೇ ಡಾಕ್ಟರಲ್ಲಿ ಬರೆಸಿಕೊಳ್ಳಿ.