ಗಣಿ ಡಂಪ್‌ನ ಮಣ್ಣು ಹೊಲಕ್ಕೆ ಬಂದರೆ ಯಾರನ್ನು ಕೇಳಬೇಕು?

ಪ್ರಶ್ನೆ (ಸಂಡೂರು ತಾಲೂಕಿನ ರೈತ):
ನಮಸ್ಕಾರ ಸರ್. ನಮ್ಮ ಹೊಲ ಗುಡ್ಡದ ಬುಡದಲ್ಲಿದೆ. ಮೇಲೆ ಕಬ್ಬಿಣದ ಅದಿರಿನ ಗಣಿ. ದೊಡ್ಡ ಮಳೆ ಬಂದಾಗೆಲ್ಲ ಅವರ ಡಂಪ್‌ನ (ಅಗೆದು ಸುರಿದ ಬೇಡದ ಮಣ್ಣು, ಕಲ್ಲಿನ ಗುಡ್ಡೆ) ಕೆಂಪು ನೀರು ಹಳ್ಳ ತುಂಬಿ ಹೊಲಕ್ಕೆ ನುಗ್ಗುತ್ತದೆ. ಮೆಕ್ಕೆಜೋಳದ ಸಾಲಿನ ಮೇಲೆಲ್ಲ ಹೂಳು ಕೂರುತ್ತದೆ. ಕೇಳಿದರೆ "ಲೀಸ್ ಮುಗಿದ ಮೇಲೆ ಎಲ್ಲಾ ಸರಿ ಮಾಡಿಕೊಡ್ತೀವಿ" ಅಂತಾರೆ. ಒಂದು ಆಫೀಸಿಗೆ ಹೋದರೆ ಇನ್ನೊಂದು ಆಫೀಸು ತೋರಿಸುತ್ತಾರೆ. ಇದನ್ನು ನೋಡಬೇಕಾದವರು ನಿಜವಾಗಿ ಯಾರು?

ಉತ್ತರ (ಗಣಿ ಎಂಜಿನಿಯರ್):
ನಮಸ್ಕಾರ ಅಣ್ಣಾ. ಮೊದಲು ಆ "ಲೀಸ್ ಮುಗಿದ ಮೇಲೆ" ಅನ್ನೋ ಮಾತನ್ನು ನಂಬಬೇಡಿ. ಕಾನೂನು ಹಾಗೆ ಹೇಳುವುದಿಲ್ಲ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಗಣಿ ನಡೆಯುತ್ತಿರುವಾಗಲೇ ಹಂತ ಹಂತವಾಗಿ ನೆಲ ಸರಿಪಡಿಸುತ್ತಾ ಹೋಗಬೇಕು. ಅದಕ್ಕೆ ಮಂಜೂರಾದ ಯೋಜನೆ ಇರಬೇಕು, ಏನೇನು ಮಾಡಿದೆವು ಅಂತ ಪ್ರತಿ ವರ್ಷ ವರದಿ ಕೊಡಬೇಕು. ಗಣಿ ಮುಚ್ಚುವ ಎರಡು ವರ್ಷ ಮೊದಲೇ ಅಂತಿಮ ಯೋಜನೆ ಸಲ್ಲಿಸಬೇಕು. ಕೆಲಸ ಯೋಜನೆಯಂತೆ ಮುಗಿದಿದೆ ಅಂತ ಅಧಿಕಾರಿ ಸರ್ಟಿಫಿಕೇಟ್ ಕೊಡುವ ತನಕ ಗಣಿ ಬಿಟ್ಟು ಹೋಗುವಂತಿಲ್ಲ.

ಈ ಯೋಜನೆ, ವರದಿ ಎಲ್ಲ ನೋಡುವುದು ಭಾರತೀಯ ಗಣಿ ಬ್ಯೂರೋ, ಅಂದರೆ ಐಬಿಎಂ. ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಹಳ್ಳಕ್ಕೆ ಬರುವ ಕೆಂಪು ನೀರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಡಂಪ್ ಅರಣ್ಯ ಜಮೀನಿನಲ್ಲಿದ್ದರೆ ಅರಣ್ಯ ಇಲಾಖೆ. ಲೀಸ್ ಗಡಿ ದಾಟಿ ಡಂಪ್ ಹಾಕಿದ್ದರೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ನಾಲ್ಕು ಕಡೆಗೂ ಒಂದೇ ಅರ್ಜಿ ಕೊಟ್ಟರೆ ನಾಲ್ವರೂ "ನಮಗೆ ಬರಲ್ಲ" ಅಂತಾರೆ. ಅದಕ್ಕೇ ನಿಮಗೆ ಆಫೀಸು ತೋರಿಸುವ ಕೆಲಸ ಆಗ್ತಿರೋದು. ಪ್ರತಿ ಕಚೇರಿಗೆ ಅವರ ಪಾಲಿನ ವಿಷಯ ಮಾತ್ರ ಬರೆಯಿರಿ.

ಬರೆಯುವ ಮೊದಲು ಒಮ್ಮೆ ಡಂಪ್‌ನ ಕೆಳಭಾಗ ನೋಡಿ. ಲೀಸ್ ಜಾಗದ ಒಳಗೆ ಕಾಲಿಡಬೇಡಿ, ಹಳ್ಳದ ಕಡೆಯಿಂದಲೇ ಕಾಣುತ್ತದೆ. ಡಂಪ್‌ನ ಬುಡದಲ್ಲಿ ಕಲ್ಲಿನ ಗೋಡೆ ಇರಬೇಕು. ಅದರ ಸುತ್ತ ಮಳೆನೀರಿನ ಕಾಲುವೆ ಇರಬೇಕು. ಆ ಕಾಲುವೆಯ ನೀರು ಮೊದಲು ಹೂಳು ತಂಗುವ ಗುಂಡಿಗೆ ಹೋಗಿ, ತಿಳಿಯಾದ ಮೇಲೆ ಹಳ್ಳಕ್ಕೆ ಬೀಳಬೇಕು. ಹೆಚ್ಚಿನ ಕಡೆ ಇವೆಲ್ಲ ಕಟ್ಟಿರುತ್ತಾರೆ. ಆದರೆ ಗುಂಡಿಯ ಹೂಳನ್ನು ಮಳೆಗಾಲಕ್ಕೆ ಮೊದಲು ಎತ್ತಿರುವುದಿಲ್ಲ. ತುಂಬಿದ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ, ಮೇಲಿಂದ ಹಾದು ಸೀದಾ ನಿಮ್ಮ ಹೊಲಕ್ಕೆ ಬರುತ್ತದೆ. ಮೇ ಕೊನೆಯಲ್ಲಿ ಒಂದು ಫೋಟೋ, ಮೊದಲ ದೊಡ್ಡ ಮಳೆಯ ಮರುದಿನ ಅದೇ ಜಾಗದಿಂದ ಇನ್ನೊಂದು ಫೋಟೋ ತೆಗೆಯಿರಿ. ತಾರೀಕು, ಜಾಗದ ಗುರುತು ಎರಡರಲ್ಲೂ ಬರುವಂತೆ ನೋಡಿಕೊಳ್ಳಿ. ಮಾಲಿನ್ಯ ಮಂಡಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪ್ರಶ್ನೆ (ಅದೇ ರೈತ):
ಡಂಪ್ ಅವರ ಗಡಿ ದಾಟಿದೆಯೋ ಇಲ್ಲವೋ ಅಂತ ನಮಗೆ ಹೇಗೆ ಗೊತ್ತಾಗಬೇಕು ಸರ್? ಗಡಿ ಕಲ್ಲು ಎಲ್ಲಿದೆ ಅಂತಲೇ ಕಾಣಲ್ಲ.

ಉತ್ತರ:
ಇದಕ್ಕೆ ಒಳ್ಳೆಯ ದಾರಿ ಇದೆ. 2021ರ ನವೆಂಬರ್‌ನಲ್ಲಿ ಆ ನಿಯಮಗಳಿಗೆ ತಿದ್ದುಪಡಿ ಬಂತು. ಲೀಸ್ 50 ಹೆಕ್ಟೇರ್ ಅಥವಾ ಜಾಸ್ತಿ ಇದ್ದರೆ, ಇಲ್ಲವೇ ವರ್ಷಕ್ಕೆ 10 ಲಕ್ಷ ಟನ್ ಅಥವಾ ಜಾಸ್ತಿ ಅಗೆಯುವ ಯೋಜನೆ ಇದ್ದರೆ, ಗಣಿಯವರು ಪ್ರತಿ ವರ್ಷ ಡ್ರೋನ್ ಸರ್ವೆ ಮಾಡಿಸಿ ಚಿತ್ರ ಸಲ್ಲಿಸಬೇಕು. ಲೀಸ್ ಜಾಗದ ಜೊತೆಗೆ ಗಡಿಯಿಂದ ಆಚೆ 100 ಮೀಟರ್ ತನಕವೂ ಅದರಲ್ಲಿ ಬರಬೇಕು. ನಿಮ್ಮ ಹೊಲವೋ ಹಳ್ಳವೋ ಆ 100 ಮೀಟರ್ ಒಳಗೆ ಬಿದ್ದರೆ ಅದೂ ಚಿತ್ರದಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಐಬಿಎಂಗೆ ಅರ್ಜಿ ಹಾಕಿ, ಹಿಂದಿನ ವರ್ಷದ್ದು, ಈ ವರ್ಷದ್ದು ಎರಡೂ ಕೇಳಿ.

ನಮ್ಮ ಜಿಲ್ಲೆಯಲ್ಲಿ ಗಡಿಯ ವಿಷಯ ಸಣ್ಣದಲ್ಲ ಅಣ್ಣಾ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಒಂದೊಂದೇ ಲೀಸ್ ಅಳೆಸಿ ಎ, ಬಿ, ಸಿ ಅಂತ ವಿಂಗಡಿಸಿದರು, ತಪ್ಪು ಇಲ್ಲದ್ದು ಅಥವಾ ತೀರಾ ಕಡಿಮೆ ಇದ್ದದ್ದು ಎ, ತೀರಾ ಹೆಚ್ಚಿದ್ದದ್ದು ಸಿ. ಮುಖ್ಯವಾಗಿ ನೋಡಿದ್ದು ಅದಿರು ಅಗೆದ ಗುಂಡಿ ಎಷ್ಟು, ಡಂಪ್ ಎಷ್ಟು ಗಡಿ ಆಚೆ ಹೋಗಿದೆ ಅನ್ನೋದನ್ನೇ. ಎ, ಬಿ ಗುಂಪಿನವರು ತಂತಮ್ಮ ಗಣಿಗೆ ಮಾಡಿಕೊಟ್ಟ ಪುನಶ್ಚೇತನ ಯೋಜನೆ ಜಾರಿ ಮಾಡಲೇಬೇಕಾಯಿತು. ಬಿ ಗುಂಪಿನವರು ಗಡಿ ಆಚೆಯ ಡಂಪ್‌ಗೆ ಹೆಕ್ಟೇರಿಗೆ 1 ಕೋಟಿ, ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ ಕಟ್ಟಬೇಕಾಯಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ಗುಂಪಿನ ಲೀಸ್‌ಗಳೇ ರದ್ದಾದವು. ನಿಮ್ಮ ಮೇಲಿನ ಗಣಿ ಹಳೆಯದಾದರೆ ಅದಕ್ಕೂ ಇಂಥ ಯೋಜನೆ ಇರುತ್ತದೆ. ಹೂಳು ತಡೆಯಲು ಎಲ್ಲೆಲ್ಲಿ ಏನೇನು ಕಟ್ಟಬೇಕು ಅಂತ ನಕ್ಷೆ ಸಮೇತ ಬರೆದಿರುತ್ತಾರೆ. ಅದನ್ನೂ ಕೇಳಿ ತರಿಸಿ.

ಪ್ರಶ್ನೆ (ಹೊಸಪೇಟೆಯ ಶಿಕ್ಷಕಿ):
ಸರ್, ಕಂಪನಿ ಬಿಟ್ಟು ಓಡಿ ಹೋದರೆ? ಮುಂಗಡ ಹಣ ಇಟ್ಟಿರುತ್ತಾರೆ ಅಂತ ಕೇಳಿದ್ದೇನೆ.

ಉತ್ತರ:
ಇಟ್ಟಿರುತ್ತಾರೆ ಮೇಡಂ. ಈಗ ದೊಡ್ಡ ಗಣಿಗಳಿಗೆ, ಅಂದರೆ ನಿಯಮದ ಎ ವರ್ಗಕ್ಕೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿ, ಬಿ ವರ್ಗಕ್ಕೆ 3 ಲಕ್ಷ. 2021ಕ್ಕಿಂತ ಮೊದಲು 3 ಮತ್ತು 2 ಲಕ್ಷ ಇತ್ತು. (ಈ ಎ, ಬಿ ಬೇರೆ, ಮೇಲೆ ಹೇಳಿದ ಕೋರ್ಟಿನ ಎ, ಬಿ ಬೇರೆ.) ಅಂತಿಮ ಯೋಜನೆ ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಈ ಹಣ ಮುಟ್ಟುಗೋಲು ಹಾಕಬಹುದು.

ನನ್ನನ್ನು ಕೇಳಿದರೆ ಇದು ತೀರಾ ಕಡಿಮೆ. ಎತ್ತರದ ಡಂಪ್ ಒಂದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ತೆಂಗಿನ ನಾರಿನ ಬಲೆ ಹೊದಿಸಬೇಕು, ಗೋಡೆ, ಕಾಲುವೆ ಕಟ್ಟಬೇಕು. 5 ಲಕ್ಷಕ್ಕೆ ಅದು ಆಗುವ ಕೆಲಸ ಅಲ್ಲ. ಕೋರ್ಟ್ ಹೆಕ್ಟೇರಿಗೆ ಕೋಟಿ ಲೆಕ್ಕದಲ್ಲಿ ಕಟ್ಟಿಸಿದ ಜಿಲ್ಲೆಯಲ್ಲೇ ನಿಯಮ ಲಕ್ಷದಲ್ಲಿ ನಿಂತಿದೆ. ಅದಕ್ಕೇ ಗಣಿ ದುಡಿಯುತ್ತಿರುವಾಗಲೇ ಕೆಲಸ ಮಾಡಿಸಿಕೊಳ್ಳಬೇಕು ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ (ಕೊಪ್ಪಳದಿಂದ):
ನಮ್ಮೂರಲ್ಲಿ ಡಂಪ್ ತುಂಬಾ ಗಿಡ ನೆಟ್ಟಿದ್ದಾರೆ, ಹಸಿರಾಗಿದೆ. ಕೆಲಸ ಮುಗಿದ ಹಾಗೇ ಅಲ್ವಾ?

ಉತ್ತರ:
ಹಸಿರು ನೋಡಿ ತೀರ್ಮಾನ ಮಾಡಬೇಡಿ. ಗಿಡದ ಬುಡದ ಮಣ್ಣು ಹೇಗಿದೆ ಅಂತ ಕೇಳಿ. ಅಗೆಯುವ ಮೊದಲು ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು, ಆಮೇಲೆ ಅದನ್ನೇ ಡಂಪ್ ಮೇಲೆ ಹರಡಬೇಕು. ಅದನ್ನು ಕಸದ ಕಲ್ಲಿನ ಜೊತೆ ಸುರಿದುಬಿಟ್ಟರೆ ಮತ್ತೆ ಸಿಗುವುದಿಲ್ಲ. ಆಗ ಗುಂಡಿ ತೋಡಿ, ಹೊರಗಿಂದ ಒಂದಿಷ್ಟು ಮಣ್ಣು ತಂದು ತುಂಬಿ ಗಿಡ ನೆಡುತ್ತಾರೆ. ಬೇರು ಆ ಗುಂಡಿ ದಾಟುವುದಿಲ್ಲ, ಟ್ಯಾಂಕರ್ ನೀರು ನಿಂತ ವರ್ಷ ಒಣಗುತ್ತದೆ. ಇಳಿಜಾರಿನ ಮಣ್ಣು ಹಿಡಿಯುವುದು ಹುಲ್ಲು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಗಿಡ, ಪ್ರಾಣಿಗಳಿಗೆ ಆಗುವಂತೆ ಮಾಡಬೇಕೆಂಬ ಷರತ್ತು ಹಾಕಲು ಹೇಳಿತು.

ಪ್ರಶ್ನೆ (ಅದೇ ಕೊಪ್ಪಳದವರು):
ಕಲ್ಲು ಕ್ವಾರಿಗೂ ಇದೇ ನಿಯಮವಾ?

ಉತ್ತರ:
ಅಲ್ಲ. ಕಟ್ಟಡದ ಕಲ್ಲು, ಮರಳು ಉಪಖನಿಜ. ಅಲ್ಲಿ ಐಬಿಎಂ ಇಲ್ಲ, 1994ರ ಕರ್ನಾಟಕದ ಉಪಖನಿಜ ನಿಯಮಗಳು ನಡೆಯುತ್ತವೆ, ರಾಜ್ಯದ ಗಣಿ ಇಲಾಖೆಯೇ ನೋಡಬೇಕು.

ಪ್ರಶ್ನೆ (ಸಂಡೂರಿನ ರೈತ):
ಇಷ್ಟೆಲ್ಲದರಲ್ಲಿ ಮೊದಲು ಯಾವುದು ಮಾಡಲಿ ಸರ್?

ಉತ್ತರ:
ಆ ಗಣಿಗೆ ಕೊಟ್ಟ ಪರಿಸರ ಅನುಮತಿಯ ಪ್ರತಿ ಮತ್ತು ಅದರ ಅರ್ಧವಾರ್ಷಿಕ ಪಾಲನಾ ವರದಿ, ಅಂದರೆ ಅನುಮತಿಯ ಷರತ್ತು ಹೇಗೆ ಪಾಲಿಸಿದೆವು ಅನ್ನೋ ವರದಿ, ತರಿಸಿ. ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಗಣಿಯವರು ಕೊಡಲೇಬೇಕಾದ ವರದಿ ಅದು, ಸಾರ್ವಜನಿಕ ದಾಖಲೆ, ಕೇಳಿದವರಿಗೆ ಕೊಡಬೇಕು. "ಹೂಳಿನ ಗುಂಡಿ ಸ್ವಚ್ಛ ಮಾಡಿದ್ದೇವೆ" ಅಂತ ಅದರಲ್ಲಿ ಬರೆದಿದ್ದರೆ ನಿಮ್ಮ ಫೋಟೋ ಪಕ್ಕದಲ್ಲಿಟ್ಟು ಮಾಲಿನ್ಯ ಮಂಡಳಿಗೂ, ಕೇಂದ್ರ ಪರಿಸರ ಸಚಿವಾಲಯದ ಬೆಂಗಳೂರು ಕಚೇರಿಗೂ ಕಳಿಸಿ. ಪ್ರತಿ ಸಲ ಸ್ವೀಕೃತಿ ತೆಗೆದುಕೊಳ್ಳಿ. ಬೆಳೆ ಹಾಳಾದದ್ದಕ್ಕೆ ಕೃಷಿ ಇಲಾಖೆಯವರನ್ನೋ ಗ್ರಾಮ ಆಡಳಿತಾಧಿಕಾರಿಯನ್ನೋ ಕರೆದು ಅದೇ ವಾರ ಪಂಚನಾಮೆ ಮಾಡಿಸಿ. ಪರಿಹಾರಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಎನ್‌ಜಿಟಿ) ದಕ್ಷಿಣ ಪೀಠಕ್ಕೆ ಹೋಗಬಹುದು. ಆದರೆ ಮೊದಲ ಸಲ ಹಾನಿಯಾದ ದಿನದಿಂದ ಐದು ವರ್ಷದ ಒಳಗೆ ಅರ್ಜಿ ಹಾಕಬೇಕು. ನಿಮ್ಮ ಹೊಲಕ್ಕೆ ಮೊದಲು ಹೂಳು ಬಂದದ್ದು ಯಾವ ವರ್ಷ ಅಂತ ಮನೆಯವರ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ, ಮಿಕ್ಕದ್ದನ್ನು ವಕೀಲರ ಜೊತೆ ಕೂತು ನೋಡೋಣ.